ಸಂಡಿಗೆ ಹಾಕುವ ತಿಂಗಳಲ್ಲೇ ಗುಡ್ಡಕ್ಕೆ ಬೆಂಕಿ

ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೈಗೆ ಬಿಡುವಿರುವುದಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ, ಕುರಡಿಗಿ (ಗೋಧಿ ಹಾಲಿನ ಎಳೆ ಸಂಡಿಗೆ), ವರ್ಷಕ್ಕಾಗುವಷ್ಟು ಮಸಾಲೆ ಖಾರ, ಎಲ್ಲವೂ ಆ ಬಿಸಿಲಿನಲ್ಲೇ ಆಗಬೇಕು. ಬೈಲಹೊಂಗಲದಿಂದ ಮದುವೆಯಾಗಿ ಗೋವಾದ ವಾಳಪೈಗೆ ಬಂದವಳು ನಾನು. ಮಗಳು ಹತ್ತನೇ ಕ್ಲಾಸಿಗೆ ಬಂದರೂ ಈ ಪದ್ಧತಿ ಬಿಟ್ಟಿಲ್ಲ, ಬಿಡುತ್ತೇನೆಂದರೂ ನಮ್ಮ ಅತ್ತಿ (ಗಂಡನ ತಾಯಿ) ಬಿಡಗೊಡುವುದಿಲ್ಲ. ತೊಂದರೆ ಏನೆಂದರೆ, ಸಂಡಿಗೆಗೆ ಬೇಕಾದ ಬಿಸಿಲೇ ಕಾಡಿನ ಬೆಂಕಿಗೂ ಬೇಕು.

ಗೋವಾ ಅಂದ ಕೂಡಲೇ ಊರಿನವರು ಸಮುದ್ರದ ಸುದ್ದಿ ಕೇಳುತ್ತಾರೆ. ನಮ್ಮ ಮನೆಯಿಂದ ಸಮುದ್ರ ದೂರ, ಗುಡ್ಡ ಹತ್ತಿರ. ವಾಳಪೈ ಸತ್ತರಿ ತಾಲೂಕಿನ ಮುಖ್ಯ ಊರು. ಪೂರ್ವಕ್ಕೆ ಮುಖ ಮಾಡಿ ನಿಂತರೆ ಸಹ್ಯಾದ್ರಿಯ ಸಾಲು. ಅಲ್ಲೇ ಮಹದಾಯಿ ಅಭಯಾರಣ್ಯ. 1999ರಲ್ಲಿ ಘೋಷಣೆ ಆದದ್ದು, ಸುಮಾರು 208 ಚದರ ಕಿಲೋಮೀಟರ್. ಅದರಾಚೆ ಖಾನಾಪುರ ತಾಲೂಕು, ಅಂದರೆ ನಮ್ಮ ಬೆಳಗಾವಿ ಜಿಲ್ಲೆ. ಪೇಪರಿನವರಿಗೆ ಮಹದಾಯಿ ಅಂದರೆ ಕಳಸಾ-ಬಂಡೂರಿ ನದಿ ನೀರಿನ ಜಗಳ. ನನಗೆ ಅದು ಟೆರೇಸಿನಿಂದ ಕಾಣುವ, ಫೆಬ್ರವರಿ ಕೊನೆಗೆ ಆಗಾಗ ಕಾಣದಂತಾಗುವ ಗುಡ್ಡ.

ಎಲ್ಲ ವರ್ಷವೂ ಒಂದೇ ಸಮ ಇರುವುದಿಲ್ಲ. ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಹುಲ್ಲಿಗೆ ಬೆಂಕಿ ಬೀಳುತ್ತದೆ, ಒಂದು ರಾತ್ರಿ ಹೊಗೆಯ ವಾಸನೆ ಬರುತ್ತದೆ, ಮರುದಿನಕ್ಕೆ ಮರೆತುಹೋಗುತ್ತದೆ. 2023ರ ಮಾರ್ಚ್ ಹಾಗಿರಲಿಲ್ಲ. ಅದಕ್ಕೂ ಹಿಂದಿನ ಫೆಬ್ರವರಿಯೇ ವಿಪರೀತ. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಾಗಿನಿಂದ ಅಷ್ಟು ಬಿಸಿಲಿನ ಫೆಬ್ರವರಿ ಇರಲಿಲ್ಲವೆಂದು ಹವಾಮಾನ ಇಲಾಖೆ ಹೇಳಿತ್ತು. ಮಾರ್ಚ್ 5ರ ಹೊತ್ತಿಗೆ ಸಾತ್ರೆ ಗುಡ್ಡದ ಕಡೆ ಬೆಂಕಿ ಎಂಬ ಸುದ್ದಿ ಬಂತು. ಆಮೇಲೆ ಒಂದರ ಹಿಂದೆ ಒಂದು ಗುಡ್ಡ. ನೌಕಾಪಡೆಯ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ಕಟ್ಟಿಕೊಂಡು ನೀರು ಸುರಿದವು. ಓಣಿಯ ಹುಡುಗರಿಗೆಲ್ಲ ಜಾತ್ರೆ, ಟೆರೇಸ್ ಮೇಲೆ ನಿಂತು ಫೋನಿನಲ್ಲಿ ವಿಡಿಯೋ. ನಮ್ಮ ಅತ್ತಿ ಕೆಳಗಿನಿಂದ, "ಬಕೀಟ ನೀರಾಗ ಗುಡ್ಡ ಆರತೈತೇನೋ, ಇಳೀರೆಲೇ ಕೆಳಗ" ಎಂದು ಕೂಗುತ್ತಿದ್ದರು.

ಅವರ ಮಾತು ಪೂರ್ತಿ ತಪ್ಪೇನೂ ಅಲ್ಲ. ನಮ್ಮ ಘಟ್ಟದ ಬೆಂಕಿ ಹೆಚ್ಚಾಗಿ ಮರದ ತುದಿಯಲ್ಲಿ ಹಾರುವ ಬೆಂಕಿಯಲ್ಲ, ನೆಲದ ಬೆಂಕಿ. ಉದುರಿದ ಎಲೆ, ಒಣಹುಲ್ಲು ಹಿಡಿದು ಹರಿದುಕೊಂಡು ಹೋಗುತ್ತದೆ. ಆರಿಸುವವರು ಹಸಿ ಟೊಂಗೆ ಮುರಿದು ಬಡಿಯಬೇಕು, ಮುಂದೆ ಹೋಗಿ ಬೆಂಕಿ ದಾಟದಂತೆ ಎಲೆ ಗುಡಿಸಿ ಬರಿ ನೆಲದ ದಾರಿ ಬಿಡಿಸಬೇಕು, ಅದೂ ಇಳಿಜಾರಿನಲ್ಲಿ. ಮೇಲಿನಿಂದ ನೋಡಿದರೆ ಬೆಂಕಿ ಹೋಯಿತು ಅನಿಸಿದರೂ ಬಿದ್ದ ಮರದ ಬೊಡ್ಡೆಗಳು ಒಳಗೊಳಗೇ ಸುಡುತ್ತಿರುತ್ತವೆ. ಧಗಧಗ ಉರಿಯುವ ಬೆಂಕಿಗಿಂತ ಹೀಗೆ ನಿಧಾನಕ್ಕೆ ಸುಡುವುದೇ ಹೆಚ್ಚು ಹೊಗೆ ಕೊಡುತ್ತದೆ. ಟಿವಿಯವರು ಬೆಂಕಿ ತೋರಿಸಿ ಹೋದ ಮೇಲೂ ನಮ್ಮ ಮನೆಯಲ್ಲಿ ಹೊಗೆ ಇತ್ತು. ಬೆಂಕಿ ನೋಡಿಕೊಳ್ಳುವುದಕ್ಕೆ ಇಲಾಖೆ ಇದೆ, ಸೈನ್ಯ ಇದೆ. ಮನೆಯೊಳಗೆ ಬಂದ ಹೊಗೆ ನೋಡಿಕೊಳ್ಳುವುದು ಬಟ್ಟೆ ಒಣಹಾಕುವವಳ ಕೆಲಸ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ವಾರ ನಮ್ಮ ಮನೆಯಲ್ಲಿ ಕುರಡಿಗಿಗೆ ಗೋಧಿ ನೆನೆ ಹಾಕಿ ಆಗಿತ್ತು. ಕುರಡಿಗಿ ಮಾಡಿದವರಿಗೆ ಗೊತ್ತು, ಗೋಧಿ ನೀರಿಗೆ ಬಿದ್ದ ಮೇಲೆ ಹಿಂದೆ ಬರುವ ಹಾಗಿಲ್ಲ. ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಬೇಕು, ರುಬ್ಬಿ ಹಾಲು ಹಿಂಡಬೇಕು, ರಾತ್ರಿ ತಿಳಿಯಾಗಲು ಬಿಡಬೇಕು, ನಸುಕಿನಲ್ಲಿ ಎದ್ದು ಆ ಗಟ್ಟಿ ಹಾಲನ್ನು ಕುದಿಸಿ ಕೈ ಸುಡುವಾಗಲೇ ಶಾವಿಗೆ ಒರಳಿನಲ್ಲಿ ಒತ್ತಬೇಕು. ನಾವು ಹಾಗೇ ಮಾಡಿದೆವು. ಬಿಳಿ ಪಂಚೆಯ ಮೇಲೆ ಸಾಲಾಗಿ ಒತ್ತಿ, ಇನ್ನೇನು ಚಹಾ ಕುಡಿಯೋಣವೆಂದು ಕುಳಿತಾಗ ಮಗಳು ಬಂದು, "ಅವ್ವಾ, ಮ್ಯಾಲ ಕರೀ ಎಲಿ ಬೀಳಾಕತ್ತಾವು" ಅಂದಳು.

ಎಲೆಯೇ ಅದು. ಜರಿಗಿಡದ್ದು ಇರಬೇಕು, ಸುಟ್ಟು ಕರ್ರಗಾಗಿತ್ತು, ಆದರೆ ಆಕಾರ ಕೆಟ್ಟಿರಲಿಲ್ಲ. ನಡುವಿನ ದಂಟು, ಎರಡೂ ಕಡೆ ಹಲ್ಲು ಹಲ್ಲಾದ ಅಂಚು, ಸಣ್ಣ ನರಗಳು ಕೂಡ ಕಾಣುತ್ತಿದ್ದವು. ಬೆರಳು ತಾಗಿಸಿದ ಕೂಡಲೇ ಪುಡಿಯಾಗಿ ಹಸಿ ಕುರಡಿಗಿಯ ಎಳೆಗಳ ನಡುವೆ ಇಳಿದುಬಿಟ್ಟಿತು. ಊದಿದರೆ ಇನ್ನೂ ಒಳಗೆ. ಒರೆಸಿದರೆ ಕಾಡಿಗೆ ಬಳಿದ ಹಾಗೆ. ಅತ್ತಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಕೂದಲಿನ ಪಿನ್ನಿನ ತುದಿಯಿಂದ ಒಂದೊಂದೇ ಚೂರು ಎತ್ತಿ ತೆಗೆದರು. ಆ ಸಹನೆ ನನಗಿಲ್ಲ. ಕಪ್ಪಾದವನ್ನು ಬೇರೆ ಡಬ್ಬಿಗೆ ಹಾಕಿದೆವು. ಆ ವರ್ಷ ಕರಿದಾಗಲೆಲ್ಲ ಒಂದು ನಮೂನೆ ಸುಟ್ಟ ನಾತ ಬರುತ್ತಿತ್ತು. ಎಣ್ಣೆಗೆ ಬಿದ್ದ ಮೇಲೂ ಆ ವಾಸನೆ ಹೋಗದೆಂದು ನನಗೆ ಗೊತ್ತಿರಲಿಲ್ಲ.

ಬಿಸಿಲು ಎಷ್ಟಿತ್ತೆಂದರೆ ಶಾಲೆಗಳನ್ನು ಮಧ್ಯಾಹ್ನದೊಳಗೆ ಬಿಡಲು ಸರ್ಕಾರವೇ ಹೇಳಿತ್ತು. ಇಲ್ಲೇ ನಿಜವಾದ ಪೇಚು. ಸೆಕೆಗೆ ಕಿಟಕಿ ತೆರೆಯಬೇಕು, ಹೊಗೆಗೆ ಕಿಟಕಿ ಮುಚ್ಚಬೇಕು. ಎರಡೂ ಒಂದೇ ದಿನ, ಒಂದೇ ಕಿಟಕಿಗೆ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೊನೆಗೆ ನನಗೆ ಉಪಯೋಗಕ್ಕೆ ಬಂದದ್ದು ಗಾಳಿ ನೋಡುವುದು. ರಾತ್ರಿ ಗುಡ್ಡ ತಣ್ಣಗಾದಂತೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ, ಹೊಗೆಯನ್ನೂ ಎಳೆದುಕೊಂಡು ಬರುತ್ತದೆ. ತಗ್ಗಿನ ಊರುಗಳಲ್ಲಿ ಬೆಳಗಿನ ತನಕ ಅದು ಕದಲುವುದಿಲ್ಲ, ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಕೂತಿರುತ್ತದೆ. ನೆಲ ಕಾದ ಮೇಲೆ ಹೊಗೆ ಮೇಲೇಳುತ್ತದೆ. ಮಧ್ಯಾಹ್ನ ಪಶ್ಚಿಮದಿಂದ ಕಡಲ ಗಾಳಿ ಶುರುವಾದರೆ ಹೊಗೆಯನ್ನು ಮತ್ತೆ ಗುಡ್ಡದ ಕಡೆಗೇ ತಳ್ಳುತ್ತದೆ. ಆ ಗಾಳಿ ತಡವಾದ ದಿನ ಸೆಕೆಯೂ ಹೆಚ್ಚು, ಹೊಗೆಯೂ ಹೆಚ್ಚು.

ಹಾಗಾಗಿ ನಮ್ಮ ಮನೆಯ ಹೊತ್ತು ತಲೆಕೆಳಗಾಯಿತು. ಅತ್ತಿಯ ಬೆಳಗಿನ ವಾಕಿಂಗ್ ನಿಂತಿತು. ನಸುಕಿನ ತಂಪು ಗಾಳಿ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತು ಹೊಗೆಯ ದಿನಗಳಿಗೆ ಹೊಂದುವುದಿಲ್ಲ, ಆ ಹೊತ್ತೇ ಎಲ್ಲಕ್ಕಿಂತ ಕೆಟ್ಟದ್ದು. ಸೂರ್ಯ ಮುಳುಗುವ ಮುಂಚೆ ಕಿಟಕಿ ಬಂದ್, ಬೆಳಿಗ್ಗೆ ಹತ್ತು ಹತ್ತೂವರೆ ತನಕ ತೆಗೆಯುವುದಿಲ್ಲ. ಬಟ್ಟೆ ಒಗೆಯುವುದು ಬೆಳಿಗ್ಗೆ ಬಿಟ್ಟು ಹನ್ನೊಂದಕ್ಕೆ, ಸಂಜೆಯಾಗುವ ಮುಂಚೆ ಒಳಗೆ. ಮಗಳ ಯೂನಿಫಾರ್ಮ್ ಮಾತ್ರ ರೂಮಿನಲ್ಲಿ ಫ್ಯಾನಿನ ಕೆಳಗೆ. ಬಾಜಾರ, ಬ್ಯಾಂಕು, ದವಾಖಾನೆ ಎಲ್ಲ ಮಧ್ಯಾಹ್ನದ ಉರಿಬಿಸಿಲಲ್ಲಿ. ತಲೆ ಸುಟ್ಟರೂ ಉಸಿರಾಡಬಹುದು.

ಫೋನಿನಲ್ಲಿ ಗಾಳಿಯ ಗುಣಮಟ್ಟ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದೆ. ಅದು ತೋರಿಸುವುದು ದೂರದ ಯಾವುದೋ ಊರಿನ ಯಂತ್ರದ ಅಂಕಿ. ಇಲ್ಲಿ ಕಣ್ಣು ಉರಿಯುತ್ತಿರುವಾಗ ಅಲ್ಲಿ ಹಸಿರು ಬಣ್ಣ. ನನ್ನ ಅಳತೆ ಬೇರೆ. ಟೆರೇಸಿನಿಂದ ಹತ್ತಿರದ ಗುಡ್ಡದ ಮೊಬೈಲ್ ಟವರ್ ಸ್ಪಷ್ಟ ಕಂಡರೆ ಹಪ್ಪಳ ಹಾಕಬಹುದು. ಟವರ್ ಮಸುಕಾಗಿದ್ದರೆ ಬಟ್ಟೆ ಮಾತ್ರ. ಟವರೇ ಕಾಣದಿದ್ದರೆ ಅತ್ತಿ ಹೊರಗೆ ಕಾಲಿಡುವ ಹಾಗಿಲ್ಲ. ಮಗಳದ್ದು ಇನ್ನೊಂದು ಲೆಕ್ಕ. ಅವಳು ನಾಸಾದ ಬೆಂಕಿ ನಕ್ಷೆ ತೆಗೆದು ಕೆಂಪು ಚುಕ್ಕಿ ಎಣಿಸುತ್ತಾಳೆ. ಉಪಗ್ರಹ ಮೇಲಿಂದ ಹಾಯುವಾಗ ಬಿಸಿ ಕಂಡ ಕಡೆ ಚುಕ್ಕಿ ಇಡುತ್ತದೆ, ಒಂದೊಂದು ಚುಕ್ಕಿ ಅಂದರೆ 375 ಮೀಟರಿನ ಚೌಕ. ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯವರೂ ಇದೇ ರೀತಿ ನೋಡಿ, ಹೆಸರು ನೋಂದಾಯಿಸಿದವರಿಗೆ ಮೆಸೇಜ್ ಕಳಿಸುತ್ತಾರೆ. ದಟ್ಟ ಮರದ ಕೆಳಗಿನ ಸಣ್ಣ ಬೆಂಕಿ ಅದಕ್ಕೆ ಕಾಣುವುದಿಲ್ಲ, ಎರಡು ಸುತ್ತಿನ ನಡುವೆ ಹತ್ತಿ ಆರಿದ್ದೂ ಕಾಣುವುದಿಲ್ಲ. ಆದರೂ "ಆಯಿ, ಇವತ್ತ ಬರೇ ಎರಡ ಚುಕ್ಕಿ" ಅಂತ ಅವಳು ಹೇಳಿದರೆ ಅತ್ತಿಗೆ ಸಮಾಧಾನ. ಪಂಚಾಂಗ ಓದಿಸಿಕೊಂಡಷ್ಟೇ ನಂಬಿಕೆಯಿಂದ ಕೇಳುತ್ತಾರೆ.

ಅತ್ತಿಗೆ ದಮ್ಮಿನ ತ್ರಾಸು ಹಳೆಯದು. ಎರಡು ಇನ್ಹೇಲರ್ ಇವೆ. ದಿನಾ ತಪ್ಪದೆ ತೆಗೆದುಕೊಳ್ಳುವುದು ಒಂದು, ಉಸಿರು ಕಟ್ಟಿದಾಗ ಎಳೆಯುವ ನೀಲಿಯದು ಇನ್ನೊಂದು. ಆರಾಮ ಇದ್ದಾಗ ದಿನದ್ದನ್ನು ಬಿಟ್ಟುಬಿಡುವ ಚಟ ಅವರಿಗೆ. "ಏನೂ ಆಗಿಲ್ಲಲ್ಲ, ಸುಮ್ಮನ ಯಾಕ?" ಹೊಗೆ ಬಂದ ಮೇಲೆ ನೀಲಿಯದನ್ನು ಮೇಲಿಂದ ಮೇಲೆ ಎಳೆಯುವುದು. ಡಾಕ್ಟರು ಗದರಿದರು. ದಿನದ ಔಷಧಿ ಊತ ಕಡಿಮೆ ಮಾಡುವುದು, ಅದು ಕೆಲಸ ಮಾಡಲು ದಿನಗಳು ಬೇಕು, ಹೊಗೆ ಬರುವ ಮುಂಚೆಯೇ ಶುರುವಿರಬೇಕು, ನೀಲಿಯದು ಪದೇ ಪದೇ ಬೇಕಾದರೆ ಮನೆಯಲ್ಲಿ ಕೂರದೆ ಕರೆದುಕೊಂಡು ಬನ್ನಿ ಅಂದರು. ಅತ್ತಿ ಅಲ್ಲಿ ತಲೆ ಆಡಿಸಿ, ಹೊರಗೆ ಬಂದ ಮೇಲೆ, "ಬೆಲ್ಲದ ಬಗ್ಗೆ ಏನ ಹೇಳಲೇ ಇಲ್ಲ ಅವ" ಅಂದರು. ಹತ್ತಿ ಗಿರಣಿಯಲ್ಲಿ ಧೂಳು ಕುಡಿದವರು ಬೆಲ್ಲ ತಿಂದರೆ ಎದೆ ತೊಳೆದುಹೋಗುತ್ತದೆ ಎಂದು ಅವರ ಅಪ್ಪನ ಕಾಲದ ನಂಬಿಕೆ. ತಿನ್ನಲಿ ಬಿಡಿ, ಸಕ್ಕರೆ ಕಾಯಿಲೆ ಇಲ್ಲ.

ನನ್ನ ಜಗಳ ಬೆಲ್ಲದ ಜೊತೆಗಲ್ಲ, ಲೋಬಾನದ ಜೊತೆ. ಹೊರಗಿನ ಹೊಗೆ ತಪ್ಪಿಸಲು ಕಿಟಕಿ ಮುಚ್ಚಿ, ಒಳಗೆ ದೀಪದ ಹೊತ್ತಿಗೆ ಕೆಂಡದ ಮೇಲೆ ಲೋಬಾನ ಹಾಕಿ ಮನೆ ತುಂಬ ಸುತ್ತಾಡಿಸಿದರೆ ಏನು ಬಂತು? ಜೊತೆಗೆ ಸೊಳ್ಳೆಬತ್ತಿ. ಇದು ದೇವರ ವಿಷಯ, ಸೊಸೆ ಬಾಯಿ ಹಾಕಿದರೆ ಅಪಶಕುನ. ಅದಕ್ಕೆ ಮಗಳನ್ನು ಮುಂದೆ ಬಿಟ್ಟೆ. ಅವಳು ಒಪ್ಪಂದ ಮಾಡಿದಳು: ಟವರ್ ಕಾಣದ ದಿನ ಎಣ್ಣೆ ದೀಪ ಮಾತ್ರ, ಅಮಾವಾಸ್ಯೆಗೆ ಲೋಬಾನ ತುಳಸಿಕಟ್ಟೆಯ ಹತ್ತಿರ. ಹೋಳಿಯೂ ಅದೇ ವಾರ ಬಂದಿತ್ತು. ಕಾಮಣ್ಣನನ್ನು ಸುಡುವುದಕ್ಕೆ ಓಣಿಯ ಹುಡುಗರು ಕಟ್ಟಿಗೆ ಕೇಳಲು ಬಂದಾಗ ಅತ್ತಿಯೇ, "ಗುಡ್ಡಾನ ಸುಡಾಕತ್ತೈತಿ, ಇನ್ನೇನ ಸುಡ್ತೀರೊ" ಎಂದು ಗದರಿ ಕಳಿಸಿದರು. ಆಮೇಲೆ ಮನಸ್ಸು ತಡೆಯದೆ ಎರಡು ತೆಂಗಿನ ಗರಿ ಕೊಟ್ಟರು.

ನಮ್ಮ ಮನೆಯವರು ಹೊಂಡಾ ಎಂಬ ಊರಿನ ಕಡೆ ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗುತ್ತಾರೆ. ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊರಟರೆ ತಮ್ಮನ್ನು ಯಾವ ಹೊಗೆಯೂ ಮುಟ್ಟುವುದಿಲ್ಲ ಅನ್ನುವವರು. ಒದ್ದೆ ಬಟ್ಟೆ ಬೂದಿ ತಡೆಯುತ್ತದೆ, ಅಷ್ಟೇ. ಎದೆಯ ಆಳಕ್ಕೆ ಇಳಿಯುವ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತ ಸಣ್ಣವು. ಕರೋನಾ ಕಾಲದ ಎನ್‌95 ಮಾಸ್ಕುಗಳು ಕಪಾಟಿನಲ್ಲಿ ಇನ್ನೂ ಉಳಿದಿದ್ದವು. ಮುಖಕ್ಕೆ ಬಿಗಿಯಾಗಿ ಕೂತರೆ ಅಂಥ ಸಣ್ಣ ಕಣವನ್ನೂ ನೂರಕ್ಕೆ ತೊಂಬತ್ತೈದರಷ್ಟು ಹಿಡಿಯುವುದು ಮನೆಯಲ್ಲಿದ್ದುದರಲ್ಲಿ ಅದೊಂದೇ. ಗಡ್ಡ ಬಿಟ್ಟರೆ ಬಿಗಿಯಾಗಿ ಕೂರುವುದಿಲ್ಲ. ಗಡ್ಡ ತೆಗೆಯಿರಿ ಅಂದರೆ ಮೂರು ದಿನ ಮಾತು ಬಿಟ್ಟರು, ಆಮೇಲೆ ತಾವೇ ತೆಗೆದರು. ಚಂದ ಕಾಣುತ್ತಾರೆ, ಅದು ಬೇರೆ ಮಾತು.

ತಮ್ಮ ಪ್ರತಿ ವರ್ಷ ಮಾರ್ಚಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ತರುತ್ತಾನೆ, ಡಬ್ಬಿ ಜಾತಿಯದು, ಬಣ್ಣಕ್ಕೆ. ಆ ವರ್ಷವೂ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬಂದ. ಕತ್ತಲಾಗುವ ಹೊತ್ತಿಗೆ ಸುರ್ಲಾ ದಾಟಿದ್ದನಂತೆ. "ಅಕ್ಕಾ, ಲೈಟ್ ಹಾಕಿದ್ರ ಎದುರಿಗೆ ಬಿಳೀ ಗ್ವಾಡಿ ಕಾಣತಿತ್ತು, ಹಗಲ ಹೊತ್ತಿನಾಗ ಬರಬೇಕಿತ್ತು" ಅಂದ. ಚೀಲ ಇಳಿಸಿದ್ದೇ ತಡ ಅತ್ತಿ ಮೂಸಿ ನೋಡಿದರು. ಮೆಣಸಿನಕಾಯಿ ಗಳಗಳ ಅನ್ನುವ ಹಾಗೆ ಒಣಗದಿದ್ದರೆ ಖಾರ ಕುಟ್ಟಿಸಲಾಗದು, ಒಣಗಿಸಲು ಟೆರೇಸ್ ಬೇಕು, ಟೆರೇಸಿನಲ್ಲಿ ಬೂದಿ. ಕೊನೆಗೆ ಮೆಣಸಿನಕಾಯಿ ಹಾಗೇ ಬೈಲಹೊಂಗಲಕ್ಕೆ ವಾಪಸ್ ಹೋಯಿತು. ಅಲ್ಲಿ ಅವ್ವ ಒಣಗಿಸಿ, ಉಳ್ಳಾಗಡ್ಡಿ, ಒಣಕೊಬ್ಬರಿ, ಬೆಳ್ಳುಳ್ಳಿ ಹುರಿದು ಹಾಕಿ ಕುಟ್ಟಿಸಿ ಕಳಿಸಿದಳು. ಈಗ ಅದೇ ರೂಢಿ. ಅವ್ವ ಉಪ್ಪು ಮುಂದು ಮಾಡುತ್ತಾಳೆ ಎಂದು ಅತ್ತಿಯ ತಕರಾರು ವರ್ಷವಿಡೀ ನಡೆಯುತ್ತದೆ. ಕುರಡಿಗಿಯನ್ನು ಸಂಕ್ರಾಂತಿ ಆದ ಕೂಡಲೇ ಮುಗಿಸುತ್ತೇವೆ. ಆಗ ಬಿಸಿಲು ಮೆತ್ತಗೆ, ಎರಡು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಬೆಂಕಿ ಹಚ್ಚಿದವರು ಯಾರು ಅನ್ನುವ ಮಾತು ಆ ತಿಂಗಳು ಎಲ್ಲರ ಬಾಯಲ್ಲೂ ಇತ್ತು. ಜುಲೈನಲ್ಲಿ ಹೈಕೋರ್ಟಿನ ಗೋವಾ ಪೀಠ ಮಹದಾಯಿ ಮತ್ತು ಸುತ್ತಲಿನ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲು ಆದೇಶ ಕೊಟ್ಟ ಮೇಲೆ ಕತೆಗಳಿಗೆ ಇನ್ನಷ್ಟು ಕಾಲು ಬಂದವು. ನಾನು ಆ ಕತೆಗಳಿಗೆ ಹೋಗುವುದಿಲ್ಲ. ನನಗೆ ತಿಳಿದದ್ದು ಪಕ್ಕದ ಮನೆಯ ವೈನಿಯ ಗೇರು ತೋಟದ್ದು. ಅವರು ಇಲ್ಲಿಯವರೇ, ನಾಲ್ಕಾರು ತಲೆಮಾರಿನಿಂದ. ಮಾರ್ಚ್ ಬಂತೆಂದರೆ ಗೇರುಹಣ್ಣು ಉದುರಲು ಶುರು. ಬೀಜ ಮಾರಾಟಕ್ಕೆ, ಹಣ್ಣಿನ ರಸ ಇಲ್ಲಿಯ ಸಾರಾಯಿಗೆ, ಅಂದರೆ ಉರ್ರಾಕಿಗೆ, ಫೆಣಿಗೆ. ಮರದ ಕೆಳಗೆ ಮೊಣಕಾಲುದ್ದ ಹುಲ್ಲು ಇದ್ದರೆ ಬಿದ್ದ ಬೀಜ ಕಾಣುವುದಿಲ್ಲ, ಹಾವಿನ ಭಯ ಬೇರೆ. ಕತ್ತರಿಸಲು ಕೂಲಿ ಕೊಡಬೇಕು, ಬೆಂಕಿಪೊಟ್ಟಣಕ್ಕೆ ಖರ್ಚಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ಇಬ್ಬನಿ ಇರುವ ಬೆಳಿಗ್ಗೆ, ಸುತ್ತ ಗುಡಿಸಿ, ನೀರು ಇಟ್ಟುಕೊಂಡು, ನಾಲ್ಕು ಜನ ನಿಂತು ಸುಟ್ಟರೆ ಅದು ಹಿಡಿತದಲ್ಲಿರುತ್ತದೆ, ಹಿರಿಯರು ಹಾಗೇ ಮಾಡುತ್ತಿದ್ದರು ಎನ್ನುತ್ತಾರೆ ವೈನಿ. ಈಗ ಮಕ್ಕಳು ಪಣಜಿಯಲ್ಲಿ ನೌಕರಿಗೆ. ಭಾನುವಾರ ಬಂದು, ಮಧ್ಯಾಹ್ನ ಕಡ್ಡಿ ಗೀರಿ, ಊಟಕ್ಕೆ ಹೋಗುತ್ತಾರೆ. ಇದನ್ನು ಅವರೇ ನನಗೆ ಹೇಳಿದ್ದು, ಸಿಟ್ಟಿನಿಂದ. 2023ರಲ್ಲಿ ಅವರ ಮರಗಳ ಹೂವು ಬೆಂಕಿಯ ಝಳಕ್ಕೇ ಕಮರಿಹೋಗಿದ್ದವು, ಬೆಂಕಿ ಅವರ ಗಡಿ ದಾಟಿರಲೇ ಇಲ್ಲ.

ಹುಲ್ಲು ಕತ್ತರಿಸುವ ಕೂಲಿಯವರು ಹೆಚ್ಚಾಗಿ ನಮ್ಮ ಕಡೆಯವರೇ, ಹಾವೇರಿ, ಗದಗದವರು. ನಾನು ಕಿಟಕಿ ಮುಚ್ಚುವ ಲೆಕ್ಕ ಇಷ್ಟು ಬರೆದೆನಲ್ಲ, ಅವರ ತಗಡಿನ ಶೆಡ್ಡಿಗೆ ಮುಚ್ಚಲು ಕಿಟಕಿಯೇ ಇಲ್ಲ. ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದು, ರಾತ್ರಿಯಿಡೀ ಹೊಗೆ ಒಳಗೆ. ಆ ಮಾರ್ಚಿನಲ್ಲಿ ಒಬ್ಬಾಕೆ ಎದೆಗೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, "ಅಕ್ಕಾರ, ಒಂದ ರಾತ್ರಿ ಮಲಗಸ್ರಿ, ಕೂಸು ಕೆಮ್ಮಿ ಕೆಮ್ಮಿ ನೀಲಿ ಆಗಾಕತ್ತೈತಿ" ಅಂದಳು. ಮಲಗಿಸಲಿಲ್ಲ, 108ಕ್ಕೆ ಫೋನ್ ಮಾಡಿದೆವು, ಕೂಸು ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿತು. ವಾಪಸ್ ಬಂದ ಮೇಲೆ ಹೊಗೆ ಇಳಿಯುವ ತನಕ ತಾಯಿ ಮಗು ನಮ್ಮ ಹಿಂದಿನ ರೂಮಿನಲ್ಲಿದ್ದರು. ಬೂದಿ ಬಿದ್ದ ಕುರಡಿಗಿ ಪೂರ್ತಿ ಆರಿಸಿ ಮುಗಿಸಿದ್ದು ಆಕೆ ಮತ್ತು ಅತ್ತಿ ಸೇರಿ.

ಈ ಸಲ ವೈನಿ ಗಟ್ಟಿ ಮನಸ್ಸು ಮಾಡಿದ್ದಾರೆ, ತೋಟಕ್ಕೆ ಕಡ್ಡಿ ಗೀರುವ ಹಾಗಿಲ್ಲ, ಮಷೀನಿನಿಂದ ಹುಲ್ಲು ಕತ್ತರಿಸುವುದೇ. ರಾಣೆಬೆನ್ನೂರಿನ ಕಡೆಯ ಇಬ್ಬರು ಸಿಕ್ಕಿದ್ದಾರೆ, ಕೂಲಿ ಮಾತಾಡಲು ನನ್ನನ್ನು ಕರೆದರು. ನಾನು ನಡುವೆ ಕುಳಿತು ಆ ಕಡೆಗೆ ಕನ್ನಡ, ಈ ಕಡೆಗೆ ನನ್ನ ಹರಕು ಕೊಂಕಣಿ. ಕೂಲಿ, ಊಟ, ಕಣ್ಣಿಗೆ ಕನ್ನಡಕ, ಮಾಸ್ಕು ಎಲ್ಲ ತೀರ್ಮಾನವಾಯಿತು. ಪೆಟ್ರೋಲ್ ಯಾರದು ಅನ್ನುವಲ್ಲಿ ನಿಂತಿದೆ. ವೈನಿ ಕೂಲಿಯಲ್ಲೇ ಸೇರಿತು ಅನ್ನುತ್ತಾರೆ, ಕೂಲಿಯವರು ಬೇರೆ ಅನ್ನುತ್ತಾರೆ, ನನಗೆ ಕೂಲಿಯವರದೇ ಸರಿ ಕಾಣುತ್ತದೆ. ನಾಳೆ ಸಂಜೆ ಮತ್ತೆ ಕೂರುತ್ತೇವೆ.